ಬೀರು ಇಳಿಸುವ ದೃಶ್ಯ

ಆ ಮನೆಯಲ್ಲಿ ಸಿನಿಮಾ ನೋಡಿ ಬಂದ ದಿನ ಊಟಕ್ಕೆ ಕೂತವರೆಲ್ಲ ಅಭಿಪ್ರಾಯ ಹೇಳಬೇಕು. ಚಿಕ್ಕವರಿಂದ ಶುರು, ಕೊನೆಗೆ ಅಜ್ಜಿ. ಈ ಪದ್ಧತಿ ಯಾವಾಗ ಬಂತೋ ಯಾರಿಗೂ ನೆನಪಿಲ್ಲ. ಅಜ್ಜಿ ಹೇಳಿದ ಮೇಲೆ ಆ ಸಿನಿಮಾದ ಮಾತು ಮುಗಿಯಿತು, ಮತ್ತೆ ಯಾರೂ ಅದನ್ನು ಎತ್ತುವಂತಿಲ್ಲ. ದೊಡ್ಡಮ್ಮನಿಗೆ ಮಾತ್ರ ಸರದಿ ಇರಲಿಲ್ಲ. ಅವಳು ಸಿನಿಮಾಕ್ಕೆ ಹೋಗುತ್ತಿರಲಿಲ್ಲ, ಬಡಿಸುತ್ತಿದ್ದಳು.

ಸಿನಿಮಾಕ್ಕೇನು, ಅವಳು ಎಲ್ಲಿಗೂ ಹೋಗುತ್ತಿರಲಿಲ್ಲ. ಅವಳ ಗಂಡ, ಅಂದರೆ ಆ ಮನೆಯ ಹಿರಿಮಗ, ಹತ್ತೊಂಬತ್ತು ವರ್ಷದ ಹಿಂದೆ ಹೇಳದೆ ಕೇಳದೆ ಹೊರಟುಹೋಗಿದ್ದ. ಯಾವತ್ತಾದರೂ ಬಂದರೆ ಬಾಗಿಲು ತೆಗೆಯಲು ತಾನಿರಬೇಕು ಎಂದು ಅವಳು ಮನೆ ಬಿಟ್ಟು ಕದಲಿರಲಿಲ್ಲ. ಈಗ ಊರಾಚೆಯ ನರ್ಸುಗಳ ಹಾಸ್ಟೆಲ್ಲಿನಿಂದ ಅವಳಿಗೆ ಕರೆ ಬಂದಿತ್ತು. ಅಡುಗೆಮನೆ ನೋಡಿಕೊಳ್ಳುವ ಕೆಲಸ, ಇರಲು ಸ್ವಂತ ಕೋಣೆ. ತಿಂಗಳ ಕೊನೆಯೊಳಗೆ ಹೂಂ ಅಥವಾ ಉಹೂಂ ಹೇಳಬೇಕಿತ್ತು. ಹೋಗುವ ಆಸೆ ಅವಳಿಗೆ ಇತ್ತು. ಆದರೆ ಯಾರು ಕೇಳಿದರೂ ಒಂದೇ ಮಾತು: "ನಾನು ಹೋದ ಮೇಲೆ ಅವರು ಬಂದ್ರೆ?"

ಆ ಮಾತು ಬಂದಾಗಲೆಲ್ಲ ಮನೆಯವರು ತಟ್ಟೆಗೆ ಬಗ್ಗುತ್ತಿದ್ದರು. ಅನ್ನ ಕಲಸುತ್ತಿದ್ದರು.

ಕೆಳಗೆ ಗೋದಾಮು, ಮೇಲೆ ಮನೆ. ಮನೆ ಬದಲಿಸುವವರ ಸಾಮಾನು ಸಾಗಿಸುವುದು ಕಸುಬು. ಅಜ್ಜಿಯ ಎರಡನೇ ಮಗ ಅಪ್ಪ, ಕೊನೆಯವನು ಚಿಕ್ಕಪ್ಪ, ಇಬ್ಬರು ಆಳುಗಳು, ಒಂದು ಲಾರಿ. ಗಾಜಿನ ಶೋಕೇಸು, ಫ್ರಿಜ್ಜು, ಮಂಚ, ಎಲ್ಲವನ್ನೂ ಅಪ್ಪ ಕಣ್ಣಲ್ಲೇ ತೂಗುತ್ತಿದ್ದ. ಯಾರ ಮನೆಗೆ ಹೋದರೂ ಮನುಷ್ಯರನ್ನು ನೋಡುವ ಮೊದಲು ಮೆಟ್ಟಿಲು ನೋಡುತ್ತಿದ್ದ. ಹೆಂಗಸರು ಭಾರಕ್ಕೆ ಕೈ ಹಾಕಬಾರದು ಎಂಬುದು ಅವನ ಕಟ್ಟುನಿಟ್ಟು. ಅಮ್ಮ ಒಂದು ಸ್ಟೂಲು ಎತ್ತಿದರೂ ಗೊಣಗುತ್ತಿದ್ದ.

ಇವರಿಬ್ಬರ ಮಗಳು ಸಿನಿಮಾ ಥಿಯೇಟರಿನ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದಳು. ಚಿಕ್ಕಪ್ಪ ಅವಳನ್ನು ಕರೆಯುತ್ತಿದ್ದದ್ದೇ ಟಿಕೆಟ್ಟು ಎಂದು. ಆಟ ಬಿಟ್ಟ ಮೇಲೆ ಹೊರಬರುವವರ ಮುಖಕ್ಕೆ ಫೋನು ಹಿಡಿದು "ಹೇಗಿತ್ತು ಸಿನಿಮಾ?" ಎಂದು ಕೇಳುವ ಕೆಲಸವನ್ನೂ ಮ್ಯಾನೇಜರು ಅವಳಿಗೇ ಹಚ್ಚಿದ್ದ. ದಿನಕ್ಕೆ ಮೂವತ್ತು ಅಭಿಪ್ರಾಯ ಬೇಕು. ಅವನ್ನು ಥಿಯೇಟರಿನ ಪೇಜಿಗೆ ಹಾಕಬೇಕು.

ಆ ತಿಂಗಳು ಬಂದದ್ದು ಒಂದು ಸಂಸಾರದ ಕಥೆ. ಊಟದ ಮೇಜಿನಲ್ಲೇ ಮನೆಗೆ ಬಂದ ಭಾವ ಸತ್ತುಬೀಳುತ್ತಾನೆ. ಪೊಲೀಸರಿಗೆ ಹೆದರಿ ಅಪ್ಪ, ಅಮ್ಮ, ಮಗ ಸೇರಿ ಅವನನ್ನು ಬೀರುವಿನೊಳಗೆ ಹಾಕಿ, ಮನೆ ಖಾಲಿ ಮಾಡುವವರ ಹಾಗೆ ನಾಟಕವಾಡುತ್ತ ಮೂರನೇ ಮಹಡಿಯಿಂದ ಇಳಿಸುತ್ತಾರೆ. ಬೀರು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ನೆರೆಹೊರೆಯವರೆಲ್ಲ ಬಂದು ಸಲಹೆ ಕೊಡುತ್ತಾರೆ. ಬಾಗಿಲು ಸರಿದು ಒಳಗಿನ ಕೈಯೊಂದು ಹೊರಬಂದು ಪಕ್ಕದ ಮನೆಯವನ ಟೋಪಿ ಹಾರಿಸುತ್ತದೆ. ಜನ ಬಿದ್ದು ಬಿದ್ದು ನಗುತ್ತಿದ್ದರು. ಕೌಂಟರಿನ ಹಿಂದಿನ ಗೋಡೆಯೇ ಥಿಯೇಟರಿನ ಗೋಡೆ. ಆಟ ಶುರುವಾಗಿ ಐವತ್ತೆರಡನೇ ನಿಮಿಷಕ್ಕೆ ಆ ಗೋಡೆಯೊಳಗಿಂದ ನಗು ಬರುತ್ತಿತ್ತು. ದಿನಕ್ಕೆ ನಾಲ್ಕು ಆಟ, ನಾಲ್ಕು ಸಲ, ಅದೇ ನಿಮಿಷ, ಅದೇ ನಗು. ಮೂರನೇ ದಿನದ ಹೊತ್ತಿಗೆ ಮಗಳಿಗೆ ಅದು ಜನರ ನಗು ಅನ್ನಿಸುವುದು ನಿಂತಿತ್ತು. ಗೋಡೆಯೇ ನಗುತ್ತಿದೆ ಅನ್ನಿಸುತ್ತಿತ್ತು.

ಅವಳಿಗೆ ನಾಲ್ಕು ಪಾಸು ಸಿಕ್ಕವು. ಭಾನುವಾರ ಮಧ್ಯಾಹ್ನದ ಆಟಕ್ಕೆ ಅಪ್ಪ, ಅಮ್ಮ, ಚಿಕ್ಕಪ್ಪ, ಅಜ್ಜಿ ಹೋದರು. ಬೀರುವಿನ ದೃಶ್ಯ ಶುರುವಾದ ಕೂಡಲೇ ಅಮ್ಮ ಎದ್ದು ಹೊರಗೆ ಬಂದು ಕೌಂಟರಿನ ಪಕ್ಕದ ಬೆಂಚಿನಲ್ಲಿ ಕೂತಳು. ಒಳಗೆ ಸೆಖೆ ಅಂದಳು. ಥಿಯೇಟರಿನಲ್ಲಿ ಎ.ಸಿ. ಇತ್ತು.

ರಾತ್ರಿ ಊಟಕ್ಕೆ ಅನ್ನ, ಸೊಪ್ಪು, ಹುರಿದ ಆಲೂಗಡ್ಡೆ. ಮಗಳು ಪೇಜಿಗೆ ಬೇಕಾದೀತೆಂದು ಫೋನಿನ ಕ್ಯಾಮೆರಾ ಹಚ್ಚಿ ನೀರಿನ ಜಗ್ಗಿಗೆ ಒರಗಿಸಿಟ್ಟಳು. ತನಗೆ ಇಷ್ಟವಾಯಿತು, ಕೊನೆ ಸ್ವಲ್ಪ ಎಳೆದಿದ್ದಾರೆ ಎಂದು ತನ್ನ ಸರದಿ ಮುಗಿಸಿದಳು. ಅಮ್ಮ, ಹಾಡು ಚೆನ್ನಾಗಿವೆ ಅಂದಳು. ಚಿಕ್ಕಪ್ಪ ತನಗೆ ನಿದ್ದೆ ಬಂದುಬಿಟ್ಟಿತ್ತು ಅಂದ. ಅಪ್ಪ ಮಾತ್ರ ದಾರಿಯುದ್ದಕ್ಕೂ ಕುದಿಯುತ್ತ ಬಂದಿದ್ದ. ಸರದಿ ಬಂದದ್ದೇ ತಟ್ಟೆ ಪಕ್ಕಕ್ಕೆ ಸರಿಸಿದ.

"ಬೀರು ಇಳಿಸೋದು ಅಂದ್ರೆ ಹುಡುಗಾಟನಾ? ಮೂರು ಜನ ಅಂತೆ, ಅದರಲ್ಲೊಬ್ಬಳು ಹೆಂಗಸಂತೆ. ನಾಲ್ಕು ಜನ ಬೇಕೇ ಬೇಕು. ಕೆಳಗಿಬ್ಬರು, ಮೇಲಿಬ್ಬರು. ತಿರುವಿಗೆ ಬಂದಾಗ ನೆಟ್ಟಗೆ ನಿಲ್ಲಿಸ್ಬೇಕು. ನಿಲ್ಲಿಸಿದ ತಕ್ಷಣ ಒಳಗಿರೋನು ಜಾರಿ ಕೂತ್ಕೊಂಡುಬಿಡ್ತಾನೆ. ಮೊಣಕಾಲು ಬಾಗಿಲಿಗೆ ಒತ್ತುತ್ತೆ. ಬೀಗ ತಡೆಯಲ್ಲ. ಹಗ್ಗ ಕಟ್ಟಿದ್ರೆ ಅದೂ ಜಾರುತ್ತೆ. ಒದ್ದೆ ಬೆಡ್‌ಶೀಟ್ ಕಟ್ಬೇಕು. ಒದ್ದೆ ಬಟ್ಟೆ ಕಬ್ಬಿಣಕ್ಕೆ ಕಚ್ಕೊಳ್ಳುತ್ತೆ. ಇಷ್ಟೂ ತಿಳ್ಕೊಳ್ದೆ ಸಿನಿಮಾ ಮಾಡ್ತಾರೆ."

ಮಗಳು ನಕ್ಕಳು. ಬೇರೆ ಯಾರೂ ನಗಲಿಲ್ಲ. ದೊಡ್ಡಮ್ಮ ಆಲೂಗಡ್ಡೆ ಬಡಿಸುತ್ತಿದ್ದವಳು ಸೌಟನ್ನು ಹಾಗೇ ಹಿಡಿದು ನಿಂತಿದ್ದಳು. ಅಜ್ಜಿ ಒಂದು ಗುಟುಕು ನೀರು ಕುಡಿದು, "ಕೆಟ್ಟ ಸಿನಿಮಾ. ಮುಗೀತು" ಅಂದಳು.

ಮುಗಿಯಲಿಲ್ಲ. ಮಗಳು ಮರುದಿನ ಅಪ್ಪನ ಮಾತನ್ನು ಪೇಜಿಗೆ ಹಾಕಿದಳು. ಸಾಮಾನು ಸಾಗಿಸುವ ಯಜಮಾನರ ಅಭಿಪ್ರಾಯ ಎಂದು ತಲೆಬರಹ ಕೊಟ್ಟಳು. ಸಂಜೆಯೊಳಗೆ ಅದನ್ನು ಊರಿಗೆ ಊರೇ ನೋಡಿತ್ತು. ಕೆಳಗೆ ಸಾಲು ಸಾಲು ಬರೆದಿದ್ದರು. ಸಿನಿಮಾಕ್ಕಿಂತ ಇವರೇ ವಾಸಿ, ಐದಕ್ಕೆ ಐದು ನಕ್ಷತ್ರ. ಯಜಮಾನರ ನಂಬರು ಕಳಿಸಿ, ನಮ್ಮ ಮಾವ ತೊಂಬತ್ತು ಕಿಲೋ ಇದ್ದಾರೆ, ಎರಡನೇ ಮಹಡಿ. ಬೆಡ್‌ಶೀಟು ನೀವೇ ತರ್ತೀರಾ, ನಾವು ಕೊಡಬೇಕಾ.

ಗೋದಾಮಿನ ಫೋನು ಬಿಡುವಿಲ್ಲದೆ ಬಡಿದುಕೊಳ್ಳತೊಡಗಿತು. ಅರ್ಧ ತಮಾಷೆಗೆ, ಅರ್ಧ ನಿಜವಾದ ಕೆಲಸಕ್ಕೆ. ಅಪ್ಪ ಉಬ್ಬಿದ. ಯಾರದೋ ಮನೆಯಲ್ಲಿ ಸೋಫಾ ಇಳಿಸುವಾಗ ಅವನ ಜತೆ ಫೋಟೋ ತೆಗೆಸಿಕೊಂಡರಂತೆ. ಅದನ್ನು ಊಟದ ಹೊತ್ತಿಗೆ ಎರಡು ಸಲ ಹೇಳಿದ. ಚಿಕ್ಕಪ್ಪ ಊಟಕ್ಕೆ ಬರುವುದನ್ನೇ ಕಡಿಮೆ ಮಾಡಿದ. ಅಂಗಡಿಯಲ್ಲಿ ಏನೋ ತಿಂದೆ ಅನ್ನುತ್ತಿದ್ದ. ಅಜ್ಜಿ ಮೊಮ್ಮಗಳನ್ನು ಬಚ್ಚಲ ಹತ್ತಿರ ಕರೆದು, ಅದನ್ನು ತೆಗೆದು ಹಾಕು ಅಂದಳು.

"ಯಾಕಜ್ಜಿ? ಅಪ್ಪನಿಗೆ ಎಷ್ಟು ಹೆಸರು ಬಂತು."

"ತೆಗಿ ಅಂದ್ರೆ ತೆಗಿ. ಹೆಸರು ಕಟ್ಕೊಂಡು ಏನು ಮಾಡ್ತಾನೆ."

ಮಗಳು ಮ್ಯಾನೇಜರನ್ನು ಕೇಳಿದಳು. ಇದರಿಂದಲೇ ಟಿಕೆಟ್ಟು ಹೋಗುತ್ತಿದೆ, ಕೈ ಹಚ್ಚಿದರೆ ಹುಷಾರು ಅಂದ ಅವನು. ವಿಡಿಯೋ ಉಳಿಯಿತು.

ಎರಡನೇ ವಾರ ಒಂದು ಮಧ್ಯಾಹ್ನ ಮಗಳಿಗೆ ರಜೆ. ದೊಡ್ಡಮ್ಮ ಅಡುಗೆಮನೆಯಲ್ಲಿ ಬೀನ್ಸ್ ಮುರಿಯುತ್ತ, ಅದನ್ನು ಹಾಕು ಅಂದಳು. ಮಗಳು ಹಾಕಿದಳು. ಇನ್ನೊಂದ್ಸಲ ಅಂದಳು. ಆಮೇಲೆ, ಕೆಳಗೆ ಜನ ಬರೆದದ್ದನ್ನು ಓದು ಅಂದಳು. ಮಗಳು ಓದುತ್ತ ಹೋದಳು. ದೊಡ್ಡಮ್ಮ ಎಲ್ಲದಕ್ಕೂ ಹೂಂಗುಟ್ಟುತ್ತ ಬೀನ್ಸ್ ಮುರಿದಳು. ಒಂದು ಕಡೆ ನಿಲ್ಲಿಸಿದಳು.

"ಅದನ್ನ ಮತ್ತೆ ಓದು."

ಹೆಸರು ಹಾಕದ ಯಾರೋ ಬರೆದಿದ್ದರು. ಎಲ್ಲರೂ ನಗ್ತಿದ್ದೀರಿ, ಆದರೆ ನಿಲ್ಲಿಸಿದಾಗ ಹೆಣ ಕೂತುಕೊಳ್ಳುತ್ತೆ ಅಂತ ಇವರಿಗೆ ಹೇಗೆ ಗೊತ್ತು? ಇನ್ನೂರು ಜನ ಅದಕ್ಕೆ ನಗುವ ಮುಖ ಒತ್ತಿದ್ದರು.

ದೊಡ್ಡಮ್ಮ ಬೀನ್ಸಿನ ಬುಟ್ಟಿ ಪಕ್ಕಕ್ಕಿಟ್ಟಳು. ಅವಳು ಹೇಳಿದ್ದು ಇಷ್ಟು. ಆ ವರ್ಷ ತಾಯಿಗೆ ಕಾಯಿಲೆ ಎಂದು ಅವಳು ಒಂಬತ್ತು ದಿನ ತವರಿಗೆ ಹೋಗಿದ್ದಳು. ತಿರುಗಿ ಬಂದಾಗ ಗಂಡನಿರಲಿಲ್ಲ, ತನ್ನ ಕೋಣೆಯ ಕಬ್ಬಿಣದ ಬೀರುವೂ ಇರಲಿಲ್ಲ. ಅದರೊಳಗಿದ್ದ ಬಟ್ಟೆಯನ್ನೆಲ್ಲ ಮಡಿಸಿ ಮಂಚದ ಮೇಲೆ ಇಟ್ಟಿದ್ದರು. ಕುಡಿತಕ್ಕೆ ಬೀರು ಮಾರಿಕೊಂಡು ಹೊರಟುಹೋದ ಅಂದರು. ಒಬ್ಬನೇ ಹೇಗೆ ಇಳಿಸಿದ ಎಂದು ಕೇಳಿದ್ದಕ್ಕೆ, ಕೈಗಾಡಿಯವರನ್ನು ಕರೆದುಕೊಂಡು ಬಂದಿದ್ದ ಅಂದರು. ಆಮೇಲೆ ಅಪ್ಪ ಅವಳಿಗೆ ಬೇರೆ ಮರದ ಬೀರು ತಂದುಕೊಟ್ಟ. ಯಾರೋ ಗಿರಾಕಿ ಬಿಟ್ಟುಹೋದದ್ದು.

"ನಾನು ಬಂದ ದಿನ ಮಹಡಿ ಮೇಲೆ ಒಂದು ಬೆಡ್‌ಶೀಟ್ ಒಣಗ್ತಿತ್ತು" ಅಂದಳು. "ಈ ಮನೇಲಿ ಬೆಡ್‌ಶೀಟ್ ಒಗೆಯೋಳು ನಾನು. ನಾನಿರಲಿಲ್ಲ. ಹತ್ತೊಂಬತ್ತು ವರ್ಷ ಅದನ್ನ ಯೋಚನೆ ಮಾಡಿದ್ದೀನಿ, ಇವರಿಗೆ ಯಾಕೆ ಬಂತು ಇಷ್ಟು ಶುದ್ಧ ಅಂತ."

ಮಗಳು ಫೋನನ್ನು ಮುಖ ಕೆಳಗೆ ಮಾಡಿ ಇಟ್ಟಳು. ಸುಮ್ನಿರು ದೊಡ್ಡಮ್ಮ, ಅಪ್ಪ ಅದನ್ನು ಕಸುಬಿನ ಮೇಲೆ ಹೇಳಿದ್ದು ಅಂದಳು.

"ಇರಬಹುದು. ನಾನೂ ಹಾಗೇ ಅಂದ್ಕೊಂಡೆ. ಇಲ್ಲಿದ್ದೋರು ಇಬ್ಬರು ಗಂಡಸರು, ಆ ವಾರ ಆಳುಗಳು ರಜೆ. ನಿಮ್ಮಪ್ಪನೇ ಹೇಳ್ತಾನಲ್ಲ, ನಾಲ್ಕು ಜನ ಬೇಕು ಅಂತ. ಇನ್ನಿಬ್ಬರು ಎಲ್ಲಿಂದ ಬರ್ತಾರೆ? ಅಲ್ಲಿಗೆ ಬಂದು ಲೆಕ್ಕ ನಿಂತುಹೋಗುತ್ತೆ." ಬುಟ್ಟಿಯನ್ನು ಮತ್ತೆ ಎಳೆದುಕೊಂಡಳು. "ಅವರು ಬದುಕಿದ್ರೆ ನಾನಿಲ್ಲಿ ಕಾಯ್ತಿರಬೇಕು. ಇಲ್ಲ ಅಂದ್ರೆ ಹಾಸ್ಟೆಲ್ಲಿಗೆ ಹೋಗ್ಬೇಕು. ಯಾವುದಾದ್ರೂ ಒಂದು ಗೊತ್ತಾದ್ರೆ ಸಾಕು ನಂಗೆ."

ಆಮೇಲಿನ ದಿನಗಳಲ್ಲಿ ಮನೆ ಮನೆಯ ಹಾಗಿರಲಿಲ್ಲ. ದೊಡ್ಡಮ್ಮ ಎಂದಿನಂತೆಯೇ ಎದ್ದಳು, ಚಹಾ ಮಾಡಿದಳು, ಡಬ್ಬಿ ಕಟ್ಟಿದಳು. ಆದರೆ ಮೆಟ್ಟಿಲು ಗುಡಿಸುವಾಗ ತಿರುವಿನಲ್ಲಿ ನಿಂತುಬಿಡುತ್ತಿದ್ದಳು. ಗೋಡೆಯನ್ನು ಅಂಗೈಯಲ್ಲಿ ಅಳೆಯುತ್ತಿದ್ದಳು. ಒಂದು ಬೆಳಿಗ್ಗೆ ಅಮ್ಮ ಅದನ್ನು ನೋಡಿ, ಏನಕ್ಕ ಹುಡುಕ್ತಿದ್ದೀರಿ ಅಂದಳು. ಬಣ್ಣ ಎದ್ದಿದೆ ನೋಡು, ಏನೋ ತಾಗಿದ ಹಾಗಿದೆ ಅಂದಳು ದೊಡ್ಡಮ್ಮ. ಅಮ್ಮ ನೋಡಲಿಲ್ಲ. ಹಾಲು ಉಕ್ಕುತ್ತೆ ಎಂದು ಒಳಗೆ ಹೋದಳು. ಒಲೆ ಇನ್ನೂ ಹಚ್ಚಿರಲಿಲ್ಲ.

ಮೂರನೇ ವಾರ, ಬುಧವಾರದ ಮಧ್ಯಾಹ್ನದ ಆಟಕ್ಕೆ ಮಗಳು ಟಿಕೆಟ್ಟು ಹರಿಯುತ್ತಿದ್ದಾಗ ಕಿಂಡಿಯೊಳಗೆ ಒಂದು ಕೈ ಬಂತು. ಸುಟ್ಟ ಕಲೆಗಳಿದ್ದ ಆ ಕೈ ಅವಳಿಗೆ ಗುರುತಿತ್ತು. ತಲೆ ಎತ್ತಿದರೆ ದೊಡ್ಡಮ್ಮ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಮನೆಯಿಂದ ಹೊರಗೆ, ಅದೂ ಒಬ್ಬಳೇ.

"ಒಂದು ಕೊಡು. ಹಿಂದಿನ ಸಾಲು."

ಐವತ್ತೆರಡನೇ ನಿಮಿಷಕ್ಕೆ ಗೋಡೆ ನಕ್ಕಿತು. ಮಗಳು ಕಿವಿ ಮುಚ್ಚಿಕೊಂಡಳು. ಆಟ ಬಿಟ್ಟಾಗ ಬಾಗಿಲಲ್ಲಿ ಫೋನು ಹಿಡಿದು ನಿಂತಳು. ಒಬ್ಬ ಹೊಟ್ಟೆ ಹುಣ್ಣಾಯಿತು ಅಂದ. ಇನ್ನೊಬ್ಬಳು ಮನೆಮಂದಿಯೆಲ್ಲ ಕೂತು ನೋಡಬಹುದು ಅಂದಳು. ಒಂದು ಜೋಡಿ, ನಮ್ಮನೇಲೂ ಇಂಥೋನೊಬ್ಬ ಭಾವ ಇದ್ದಾನೆ, ಬೀರು ಕೊಳ್ಳಬೇಕು ಎಂದು ನಗುತ್ತ ಹೋಯಿತು. ಎಲ್ಲರ ಹಿಂದೆ ದೊಡ್ಡಮ್ಮ ಬಂದಳು. ಮಗಳು ಫೋನು ಇಳಿಸಿದಳು.

"ನನ್ನ ಕೇಳಲ್ವಾ?"

"ಬೇಡ ದೊಡ್ಡಮ್ಮ."

"ನಾನೂ ಟಿಕೆಟ್ ತಗೊಂಡಿದ್ದೀನಿ. ಹಿಡಿ."

ಮಗಳು ಫೋನು ಎತ್ತಿದಳು. ದೊಡ್ಡಮ್ಮ ಕೂದಲು ಸರಿಮಾಡಿಕೊಂಡು ನೇರ ನೋಡಿದಳು.

"ನಗು ಬರಲಿಲ್ಲ ಅಂತ ಹೇಳಲ್ಲ, ಬಂತು. ಎಲ್ಲರೂ ಚೆನ್ನಾಗಿ ಮಾಡಿದ್ದಾರೆ. ಆದ್ರೆ ಸತ್ತೋನಿಗೆ ಹೆಂಡತಿ ಇದ್ಳಾ ಇಲ್ವಾ, ಅದನ್ನ ಒಂದ್ಸಲಾನೂ ಹೇಳಲಿಲ್ಲ. ಎರಡೂವರೆ ಗಂಟೆ ಸಿನಿಮಾದಲ್ಲಿ ಯಾರಿಗೂ ನೆನಪಾಗಲಿಲ್ಲ."

ಅದನ್ನು ಮಗಳು ಪೇಜಿಗೆ ಹಾಕಲಿಲ್ಲ. ಅಳಿಸಲೂ ಇಲ್ಲ.

ಆ ರಾತ್ರಿ ಊಟದಲ್ಲಿ ದೊಡ್ಡಮ್ಮ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಮೊಟ್ಟೆ ಬಡಿಸಿ, ತಾನು ಹಾಸ್ಟೆಲ್ಲಿಗೆ ಹೂಂ ಅಂದಿದ್ದೇನೆ, ಬರುವ ಭಾನುವಾರ ಸೇರಿಕೊಳ್ಳಬೇಕು ಅಂದಳು. ಆಮೇಲೆ ಮೇಜಿನ ಸುತ್ತ ಏನೋ ಸಡಿಲವಾಯಿತು. ಅಪ್ಪ, ಒಳ್ಳೇದಾಯ್ತು ಅತ್ತಿಗೆ, ಎಷ್ಟು ದಿನ ಈ ಒಲೆ ಮುಂದೆ ಎಂದು ಎರಡನೇ ಸಲ ಅನ್ನ ಹಾಕಿಸಿಕೊಂಡ. ಚಿಕ್ಕಪ್ಪ ವಾರದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡ. ಅಮ್ಮನ ಕಣ್ಣಲ್ಲಿ ನೀರು ಬಂತು. ಅಕ್ಕ ನೀವಿಲ್ದೆ ನಂಗೆ ಕೈ ಮುರಿದ ಹಾಗೆ ಅಂದಳು. ಅದು ಸುಳ್ಳೂ ಅಲ್ಲ. ಇಬ್ಬರೂ ಒಂದೇ ಒಲೆಯ ಮುಂದೆ ಅರ್ಧ ಆಯಸ್ಸು ಕಳೆದಿದ್ದರು.

ಅವರು ಬಂದ್ರೆ ಅನ್ನೋ ಮಾತು ಬಿಟ್ಯಾ ಎಂದು ಅಜ್ಜಿ ಕೇಳಿದಳು.

"ಬಿಟ್ಟೆ ಅತ್ತೆ. ನನ್ನ ಮರದ ಬೀರು ಮಾತ್ರ ಕೊಟ್ಟುಬಿಡಿ, ಅಲ್ಲಿ ಕೋಣೆ ಖಾಲಿ ಇದೆ."

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಪ್ಪ ಲಾರಿಯನ್ನು ಮೆಟ್ಟಿಲ ಬುಡಕ್ಕೆ ಹಿಮ್ಮುಖವಾಗಿ ತಂದು ನಿಲ್ಲಿಸಿದ. ಆಳುಗಳಿಗೆ ಫೋನು ಮಾಡುತ್ತೇನೆ ಅಂದ. ದೊಡ್ಡಮ್ಮ ಬೇಡ ಅಂದಳು.

"ನಾನೇನು ಗಿರಾಕಿನಾ? ಇಷ್ಟು ವರ್ಷ ಬೇಯಿಸಿ ಹಾಕಿದ್ದೀನಿ. ಮನೆಯವರೇ ಇಳಿಸಿಕೊಡಿ."

ಅಪ್ಪ ತಲೆ ಕೆರೆದುಕೊಂಡ. ಬಟ್ಟೆಯನ್ನಾದರೂ ಖಾಲಿ ಮಾಡಿ ಅತ್ತಿಗೆ, ತುಂಬಿದ ಬೀರು ತಿರುವಿನಲ್ಲಿ ಕಷ್ಟ ಅಂದ. ತುಂಬಿದ್ದನ್ನೇ ಇಳಿಸೋದು ಹೇಗೆ ಅಂತ ಊರಿಗೆಲ್ಲ ಹೇಳಿಕೊಟ್ರಲ್ಲ, ನಂಗೂ ಒಂದ್ಸಲ ತೋರಿಸಿ ಎಂದು ದೊಡ್ಡಮ್ಮ ನಕ್ಕಳು. ಅಪ್ಪನೂ ನಕ್ಕ. ಹೊಗಳಿದರೆ ಅವನು ಬಾವಿಗಾದರೂ ಇಳಿಯುತ್ತಿದ್ದ.

ಅವಳು ಹೊಸಿಲ ಪಕ್ಕ, ಮೆಟ್ಟಿಲ ತಲೆಯಲ್ಲಿ ಗೋಡೆಗೆ ಒರಗಿ ನಿಂತಳು. ಅಪ್ಪ, ಚಿಕ್ಕಪ್ಪ ಬೀರುವನ್ನು ಮಲಗಿಸಿ ಕೋಣೆಯಿಂದ ಎಳೆದು ತಂದರು. ಅಪ್ಪ ಕೆಳಗಡೆಯ ಎಡಮೂಲೆಗೆ ಹೋದ. ಚಿಕ್ಕಪ್ಪ ಬಲಮೂಲೆಗೆ. ಬೀರು ಮೇಲಕ್ಕೇಳಲಿಲ್ಲ. ಮಗಳು ನಾನು ಹಿಡೀತೀನಿ ಎಂದು ಮೇಲಿನ ಮೂಲೆಗೆ ಕೈ ಹಾಕಿದಳು. ಅಜ್ಜಿ ಅವಳ ಮುಂಗೈ ಹಿಡಿದು ಪಕ್ಕಕ್ಕೆ ಸರಿಸಿದಳು.

"ನಿಂಗೆ ಗೊತ್ತಾಗಲ್ಲ ಬಿಡು."

ಎಪ್ಪತ್ತೆರಡು ವರ್ಷದ ಅಜ್ಜಿ ಸೆರಗು ಬಿಗಿದು ಎಡಗಡೆ ಬಗ್ಗಿದಳು. ಇನ್ನೊಂದು ಮೂಲೆ ಖಾಲಿ ಉಳಿಯಿತು. ಯಾರೂ ಯಾರನ್ನೂ ಕರೆಯಲಿಲ್ಲ. ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಯಾವ ಮೂಲೆ ಎಂದು ಕೇಳಲಿಲ್ಲ, ಸುತ್ತ ನೋಡಲೂ ಇಲ್ಲ. ನೇರ ಬಂದು ಬಲಗಡೆ ಬಗ್ಗಿ, ಬೆರಳುಗಳನ್ನು ಅಡಿಗೆ ತೂರಿಸಿ, ಮೊಣಕಾಲಿನ ಮೇಲೆ ಭಾರ ತೆಗೆದುಕೊಂಡಳು. ಭಾರ ಹೊತ್ತು ಗೊತ್ತಿರುವವರು ಎತ್ತುವ ಹಾಗೆ. ಹೆಂಗಸರಿಗೆ ಸ್ಟೂಲು ಎತ್ತಲೂ ಬಿಡದ ಅಪ್ಪ ತುಟಿ ಬಿಚ್ಚಲಿಲ್ಲ.

ಬೀರು ಎದ್ದಿತು. ಒಂದು, ಎರಡು ಎಂದು ಯಾರೂ ಎಣಿಸಲಿಲ್ಲ. ನಾಲ್ವರೂ ಒಟ್ಟಿಗೆ ಹೆಜ್ಜೆ ಇಡುತ್ತ ಇಳಿದರು. ತಿರುವಿಗೆ ಬಂದಾಗ ಚಿಕ್ಕಪ್ಪ ತಾನಾಗಿಯೇ ಗೋಡೆಗೆ ಬೆನ್ನು ಕೊಟ್ಟ. ಅಜ್ಜಿ ಒಂದು ಮೆಟ್ಟಿಲು ಹಿಂದಕ್ಕೆ ಏರಿದಳು. ಅಮ್ಮ ಎಡಗೈಯನ್ನು ಬಿಟ್ಟು, ಅಂಗೈ ಚಾಚಿ ಬೀರುವಿನ ಬಾಗಿಲನ್ನು ಒತ್ತಿ ಹಿಡಿದಳು. ಬಾಗಿಲಿಗೆ ಬೀಗ ಬಿದ್ದಿತ್ತು. ಆದರೂ ಹಿಡಿದಳು. ಬೀರು ನೆಟ್ಟಗೆ ನಿಂತು, ಗೋಡೆಗೆ ಉಗುರಿನಷ್ಟೂ ತಾಗದೆ ತಿರುಗಿತು.

ಒಳಗೆ ಬಟ್ಟೆಯ ಗಂಟು ಜಾರಿ ದಪ್ ಎಂದು ಕೆಳಗೆ ಕೂತಿತು.

ಆ ಸದ್ದಿಗೆ ನಾಲ್ವರೂ ನಿಂತುಬಿಟ್ಟರು. ಚಿಕ್ಕಪ್ಪನ ಕುತ್ತಿಗೆಯಲ್ಲಿ ನರ ಉಬ್ಬಿತ್ತು. ಅಮ್ಮ ನಿಧಾನವಾಗಿ ತಲೆ ಎತ್ತಿ ಮೇಲೆ ನೋಡಿದಳು. ಮೆಟ್ಟಿಲ ತಲೆಯಲ್ಲಿ ದೊಡ್ಡಮ್ಮ ನಿಂತಿದ್ದಳು. ಅವಳು ಅಪ್ಪನನ್ನಾಗಲಿ ಅಜ್ಜಿಯನ್ನಾಗಲಿ ನೋಡುತ್ತಿರಲಿಲ್ಲ. ಅಮ್ಮನ ಅಂಗೈಯನ್ನು ನೋಡುತ್ತಿದ್ದಳು.

"ನೀನೂನಾ" ಅಂದಳು. ಜೋರಾಗಿ ಅಲ್ಲ.

ಅಮ್ಮ ಕೈ ತೆಗೆಯಲಿಲ್ಲ. ತೆಗೆದರೆ ಬೀರು ವಾಲುತ್ತಿತ್ತು. ಅವಳ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಮಗಳು ಒಬ್ಬೊಬ್ಬರ ಮುಖವನ್ನೇ ನೋಡಿದಳು. ಎರಡು ವರ್ಷದ ಮಗುವಾಗಿ ತಾನು ಆವತ್ತು ಇದೇ ಮನೆಯಲ್ಲಿ ಎಲ್ಲೋ ಮಲಗಿದ್ದಿರಬೇಕು ಅನ್ನಿಸಿತು ಅವಳಿಗೆ.

"ಇಳಿಸಿ. ಅಲ್ಲೇ ನಿಂತ್ರೆ ಹೇಗೆ" ಅಂದಳು ದೊಡ್ಡಮ್ಮ.

ಇಳಿಸಿದರು. ಲಾರಿಗೆ ಏರಿಸಿದರು. ದೊಡ್ಡಮ್ಮ ಕೈಚೀಲ ಹಿಡಿದು ಮೆಟ್ಟಿಲಿಳಿದು ಬಂದು ಮುಂದಿನ ಸೀಟಿನಲ್ಲಿ ಕೂತಳು. ಅಪ್ಪ ಸ್ಟೀರಿಂಗಿನ ಹಿಂದೆ ಏರಿದ. ಅವನ ಅಂಗಿ ಬೆನ್ನಿಗೆ ಅಂಟಿತ್ತು. ಅಜ್ಜಿ ಲಾರಿಯ ಬಾಗಿಲು ಹಿಡಿದುಕೊಂಡಳು.

"ಯಾರೂ ಹೊಡೀಲಿಲ್ಲ. ಕುಡಿದು ಬಂದು ಅವನೇ ಬಿದ್ದ, ಆ ತಿರುವಲ್ಲೇ. ಪೊಲೀಸರು ಬಂದಿದ್ರೆ ಇವರಿಬ್ಬರನ್ನೂ ಎಳ್ಕೊಂಡು ಹೋಗ್ತಿದ್ರು. ಮೂರು ಮಕ್ಕಳನ್ನೂ ಕಳ್ಕೊಳ್ಳೋದಾ ನಾನು?"

"ನಾನು ಅದನ್ನ ಕೇಳಲಿಲ್ಲ ಅತ್ತೆ" ಅಂದಳು ದೊಡ್ಡಮ್ಮ. ಅಪ್ಪನ ಕಡೆ ತಿರುಗಿದಳು. "ಮೊದಲು ಅವರನ್ನ ಎಲ್ಲಿ ಇಳಿಸಿದ್ರೋ ಅಲ್ಲಿಗೆ ನಡೀರಿ. ಹಾಸ್ಟೆಲ್ಲು ಆಮೇಲೆ."

ಅಪ್ಪ ಬಹಳ ಹೊತ್ತು ಕೀಲಿ ತಿರುಗಿಸಲಿಲ್ಲ. ಎದುರು ಮನೆಯವನು ಹಲ್ಲುಜ್ಜುತ್ತ ಹೊರಗೆ ಬಂದು, ಲಾರಿಯ ಮೇಲಿನ ಬೀರು ನೋಡಿ, ಏನು ಯಜಮಾನ್ರೇ, ಒಳಗೆ ಯಾರಿದ್ದಾರೆ ಎಂದು ನಕ್ಕ. ಅಪ್ಪ ಕೀಲಿ ತಿರುಗಿಸಿದ. ಲಾರಿ ಶುರುವಾಯಿತು.

ಮಗಳು ಗೇಟಿನಲ್ಲಿ ನಿಂತು ನೋಡಿದಳು. ಬೀದಿಯ ಕೊನೆಗೆ ಹೋಗಿ ಲಾರಿ ನಿಂತಿತು. ಹಾಸ್ಟೆಲ್ಲು ಇದ್ದದ್ದು ಎಡಕ್ಕೆ. ಲಾರಿ ಬಲಕ್ಕೆ ತಿರುಗಿತು.